ಖಾಲಿ ಎರಡು ಸಾವಿರ ಲೀಟರ್

ನಿಮಗೂ ಹೀಗಾಗಿದೆಯಾ? ಬೇರೆ ರಾಜ್ಯಕ್ಕೆ ಹೋಗಿರುತ್ತೀರಿ. ಅಲ್ಲಿನ ಮಾತು ಅರ್ಧ ತಿಳಿಯುತ್ತದೆ, ಅರ್ಧ ಇಲ್ಲ. ನಡುವೆ ನಮ್ಮದೇ ಒಂದು ಪದ ಕಿವಿಗೆ ಬೀಳುತ್ತದೆ. ಊರಿನವರು ಸಿಕ್ಕಷ್ಟು ಖುಷಿಯಾಗಿ, ಗೊತ್ತಾಯ್ತು ಗೊತ್ತಾಯ್ತು ಎಂದು ತಲೆಯಾಡಿಸುತ್ತೀರಿ. ಗೊತ್ತಾಗಿರುವುದಿಲ್ಲ. ನನಗೆ ಹಾಗಾಗಿದೆ. ಅದೂ ಸಹಿ ಹಾಕಿ ಕೊಟ್ಟ ರಿಪೋರ್ಟಿನಲ್ಲಿ.

ನಾನು ದಾವಣಗೆರೆಯವಳು. ಓದಿದ್ದು ಕೆಮಿಕಲ್ ಎಂಜಿನಿಯರಿಂಗ್. ಮಗಳು ಹುಟ್ಟಿದ ಮೇಲೆ ಒಂಬತ್ತು ವರ್ಷ ಕೆಲಸ ಬಿಟ್ಟು ಮನೆಯಲ್ಲಿದ್ದೆ. ಗಂಡನನ್ನು ಬ್ಯಾಂಕಿನವರು ಸೂರತ್‌ಗೆ ವರ್ಗ ಮಾಡಿದರು, ಅಡಾಜಣ್‌ನಲ್ಲಿ ಮನೆ ಹಿಡಿದೆವು. ಅಲ್ಲಿದ್ದಾಗ ಸಚಿನ್ ಎಂಬ ಕೈಗಾರಿಕಾ ಪ್ರದೇಶದ ಒಂದು ಕೆಮಿಕಲ್ ಕಾರ್ಖಾನೆ ನನ್ನನ್ನು ಆರು ತಿಂಗಳು ನೋಡೋಣ ಎಂಬ ಷರತ್ತಿನ ಮೇಲೆ ತೆಗೆದುಕೊಂಡಿತು. ಒಂಬತ್ತು ವರ್ಷದ ನಂತರ ಯಾರು ಕರೆಯುತ್ತಾರೆ ಹೇಳಿ. ಈ ಆರು ತಿಂಗಳು ಕೈಜಾರಿದರೆ ಮತ್ತೆ ಯಾರೂ ಕರೆಯುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಕೊಟ್ಟ ಮೊದಲ ಕೆಲಸ ಇದು. ಅಲ್ಲಿ ಐದು ಸಾವಿರ ಲೀಟರಿನ ಒಂದು ರಿಯಾಕ್ಟರ್ ಇತ್ತು. ದೊಡ್ಡ ಮುಚ್ಚಿದ ಹಂಡೆ, ಒಳಗೆ ತಿರುಗುವ ಕಡಗೋಲು ಎಂದುಕೊಳ್ಳಿ. ಅದರಲ್ಲಿ ತಯಾರಾಗುವ ಒಂದು ಮಾಲಿಗೆ ಬೇಡಿಕೆ ಹೆಚ್ಚಾಗಿತ್ತು. ದಿನಕ್ಕೆ ಹನ್ನೆರಡು ಸಾವಿರ ಲೀಟರ್ ತೆಗೆಯಬೇಕು, ಅದಕ್ಕೆ ಅಂಥ ರಿಯಾಕ್ಟರ್ ಒಟ್ಟು ಎಷ್ಟು ಬೇಕು, ಲೆಕ್ಕ ಹಾಕಿ ಎಂದರು ಕಾರ್ಖಾನೆಯ ಸಾಹೇಬರು. ಶೆಡ್ಡಿನಲ್ಲಿ ಇನ್ನೊಂದಕ್ಕೆ ಮಾತ್ರ ಜಾಗವಿತ್ತು. ಮೂರನೆಯದು ಬೇಕೆಂದರೆ ಗೋಡೆ ಒಡೆಯಬೇಕು.

ಲೆಕ್ಕ ನನಗಿಷ್ಟ. ಹಳೆಯ ಪುಸ್ತಕ ಕೆಳಗಿಳಿಸಿ ಧೂಳು ಕೊಡವಿದೆ. ಪುಸ್ತಕದ ಆದರ್ಶ ರಿಯಾಕ್ಟರ್ ಎಷ್ಟು ಒಳ್ಳೆಯದೆಂದರೆ, ಅದರಲ್ಲಿ ಎಲ್ಲವೂ ಕ್ಷಣದಲ್ಲಿ ಬೆರೆಯುತ್ತದೆ, ಮೂಲೆಯಲ್ಲಿ ಏನೂ ಕೂರುವುದಿಲ್ಲ, ಒಂದು ತೊಟ್ಟೂ ಸೋರುವುದಿಲ್ಲ. ಅಂಥ ಗಂಡನೂ ಇಲ್ಲ, ಅಂಥ ಸೊಸೆಯೂ ಇಲ್ಲ. ಲ್ಯಾಬಿನಲ್ಲಿ ಅರ್ಧರ್ಧ ಗಂಟೆಗೆ ಸ್ಯಾಂಪಲ್ ತೆಗೆದು ನೋಡಿದೆ. ಮೊದಲ ಅರ್ಧ ಮಾಲು ಒಂದೂವರೆ ಗಂಟೆಯೊಳಗೇ ಆಗಿಹೋಗುತ್ತದೆ, ಆಮೇಲೆ ತೆವಳುತ್ತದೆ. ನೂರಕ್ಕೆ ತೊಂಬತ್ತೈದು ಭಾಗ ಆಗಲು ಆರು ಗಂಟೆ. ತುಂಬಲು, ಬಿಸಿ ಮಾಡಲು, ತಣಿಸಿ ಇಳಿಸಲು, ತೊಳೆಯಲು ಒಂದೊಂದು ಗಂಟೆ. ಒಟ್ಟು ಹತ್ತು. ಅಂದರೆ ಒಂದು ರಿಯಾಕ್ಟರಿನಿಂದ ದಿನಕ್ಕೆ ಎರಡು ಬ್ಯಾಚ್.

ಇನ್ನು ಒಂದು ಬ್ಯಾಚಿಗೆ ಎಷ್ಟು ಲೀಟರ್? ಹಂಡೆಯ ಬಾಯಿವರೆಗೆ ಯಾರೂ ತುಂಬುವುದಿಲ್ಲ, ಉಕ್ಕಲು ಜಾಗ ಬಿಡಬೇಕು. ಎಷ್ಟು ಬಿಡುತ್ತಾರೆ ಎಂದು ಕೇಳಲು ನೋಟ್‌ಬುಕ್ ಹಿಡಿದು ಪ್ಲಾಂಟಿಗೆ ಹೋದೆ. ಅದನ್ನು ನಡೆಸುವವರು ಒಬ್ಬ ಹಿರಿಯ ಆಪರೇಟರ್, ಎಲ್ಲರಿಗೂ ಅವರು ಕಾಕಾ. ಅವರದು ಗುಜರಾತಿ, ನನ್ನದು ಹರಕು ಹಿಂದಿ. ಮೋಟರಿನ ಸದ್ದಿನ ನಡುವೆ ಕೂಗಿ ಕೇಳಿದೆ.

"ಕಾಕಾ, ಇದರಲ್ಲಿ ಎಷ್ಟು?"

"ಖಾಲಿ ಬೇ ಹಜಾರ್, ಬೆನ್."

ಬೆನ್ ಅಂದರೆ ಅಕ್ಕ, ಬೇ ಹಜಾರ್ ಅಂದರೆ ಎರಡು ಸಾವಿರ. ಅದನ್ನು ಕಲಿತಿದ್ದೆ. ಖಾಲಿ ಅಂದರೆ ಖಾಲಿ, ಅದನ್ನೇನು ಕಲಿಯುವುದು? 'ಖಾಲಿ: 2000' ಎಂದು ಬರೆದುಕೊಂಡೆ. ಐದರಲ್ಲಿ ಎರಡು ಕಳೆದರೆ ಮೂರು ಸಾವಿರ ಲೀಟರ್ ತುಂಬುತ್ತಾರೆ. ಪುಸ್ತಕ ಹೇಳುವುದಕ್ಕಿಂತ ಹೆಚ್ಚೇ ಜಾಗ ಬಿಡುತ್ತಾರೆ, ಪಾಪ, ಎಚ್ಚರಿಕೆಯ ಜನ ಎಂದು ಮೆಚ್ಚಿಕೊಂಡೆ ಕೂಡ. ಬ್ಯಾಚ್ ಶೀಟ್ ನೋಡಬಹುದಿತ್ತಲ್ಲ ಅನ್ನಬೇಡಿ. ಅದು ಗುಜರಾತಿ ಅಕ್ಷರದಲ್ಲಿತ್ತು, ನನಗೆ ಸೋಮಾರಿತನ.

ಮೂರು ಸಾವಿರ, ದಿನಕ್ಕೆ ಎರಡು ಸಲ, ಎರಡು ರಿಯಾಕ್ಟರ್: ಸರಿಯಾಗಿ ಹನ್ನೆರಡು ಸಾವಿರ. ಉತ್ತರ ಅಷ್ಟು ಚೊಕ್ಕವಾಗಿ ಬಂದಾಗಲೇ ಅನುಮಾನ ಬರಬೇಕಿತ್ತು. ಇನ್ನೊಂದೇ ರಿಯಾಕ್ಟರ್ ಸಾಕು, ಗೋಡೆ ಒಡೆಯುವುದು ಬೇಡ ಎಂದು ಬರೆದು ಸಹಿ ಹಾಕಿದೆ. ಸಾಹೇಬರ ಮುಖ ಅರಳಿತು. ವಡೋದರಾದ ವರ್ಕ್‌ಶಾಪಿಗೆ ಆರ್ಡರ್ ಕೊಡುವ ಮೊದಲು ಈಗಿರುವುದರಲ್ಲೇ ಮೂರು ಸಾವಿರದ ಒಂದು ಬ್ಯಾಚ್ ನಿಮ್ಮೆದುರೇ ನಡೆಯಲಿ ಎಂದರು.

ಆ ದಿನ ಬೆಳಿಗ್ಗೆ ಮೀಟರ್ ಎರಡು ಸಾವಿರ ತೋರಿಸುತ್ತಿದ್ದಂತೆ ಕಾಕಾ ವಾಲ್ವ್ ಮುಚ್ಚಿಬಿಟ್ಟರು.

"ಕಾಕಾ, ಇನ್ನೂ ಒಂದು ಸಾವಿರ ಬಿಡಿ."

"ಯಾಕೆ ಬೆನ್, ನಿಮ್ಮ ಸೀರೆ ತೊಳೆಯೋಕಾ?"

"ನೀವೇ ಹೇಳಿದ್ರಲ್ಲ, ಖಾಲಿ ಬೇ ಹಜಾರ್ ಅಂತ."

"ಅದೇ ಹಾಕಿದೀನಲ್ಲ. ಖಾಲಿ ಬೇ ಹಜಾರ್."

"ಹಾಕೋದಲ್ಲ ಕಾಕಾ, ಖಾಲಿ ಬಿಡೋದು."

ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ವಾದ ಮಾಡಲಿಲ್ಲ. ಬಿಸಿಯಾಗುವ ತನಕ ಕಾದು, ಆಮೇಲೆ ಸೋಡಾ ಪುಡಿ ಹಾಕಲು ಶುರು ಮಾಡಿ, ಹಂಡೆಯ ಗಾಜಿನ ಕಿಟಕಿಯಲ್ಲಿ ನೋಡು ಎಂದು ಕೈಸನ್ನೆ ಮಾಡಿದರು. ನೋಡಿದೆ. ಕೆಳಗೆ ತೆಪ್ಪಗಿದ್ದ ಮಾಲು ಬುಸುಬುಸು ನೊರೆಯಾಗಿ ಏರತೊಡಗಿತು. ಒಲೆಯ ಮೇಲೆ ಹಾಲಿಟ್ಟು ಫೋನಿನಲ್ಲಿ ಮಾತಾಡುತ್ತ ನಿಂತಾಗ ಏರುತ್ತದಲ್ಲ, ಹಾಗೆ. ಕಿಟಕಿಯ ಗಾಜು ಪೂರ್ತಿ ಬೆಳ್ಳಗಾಯಿತು. ಕಾಕಾ ಸೋಡಾ ನಿಲ್ಲಿಸಿದರು. ನೊರೆ ಮೆಲ್ಲಗೆ ಇಳಿಯಿತು.

"ಇದು ಎರಡು ಸಾವಿರಕ್ಕೆ," ಎಂದರು. "ಮೂರು ಹಾಕಿದ್ರೆ ನಾವಿಬ್ರೂ ಅದರಲ್ಲಿ ಸ್ನಾನ ಮಾಡ್ತಿದ್ವಿ. ಖಾಲಿ ಅಂದ್ರೆ ಫಕ್ತ್, ಬೆನ್. ಫಕ್ತ್. ನಿಮ್ಮ ಹಿಂದೀಲಿ ಸಿರ್ಫ್."

ಖಾಲಿ ಅಂದರೆ ಬರೀ. ಬರೀ ಎರಡು ಸಾವಿರ.

ತುಂಬುವುದು ಎರಡೇ ಸಾವಿರವಾದರೆ ಮೂರು ರಿಯಾಕ್ಟರ್ ಬೇಕು, ಮೂರನೆಯದಕ್ಕೆ ಗೋಡೆ ಒಡೆಯಬೇಕು. ಬೇಡ ಎಂದು ಸಹಿ ಹಾಕಿದವಳು ನಾನು. ಸಾಹೇಬರ ಕೋಣೆಗೆ ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರು ಬೈಯಲಿಲ್ಲ, ನಗಲೂ ಇಲ್ಲ. "ಸೋಮವಾರದೊಳಗೆ ಇನ್ನೊಂದ್ಸಲ ಲೆಕ್ಕ ಮಾಡಿ," ಎಂದು ಕಂಪ್ಯೂಟರ್ ಕಡೆ ತಿರುಗಿದರು. ಬೈದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಗಂಡನಿಗೆ ಹೇಳಿದೆ. ಆ ಮನುಷ್ಯ ಹೊಟ್ಟೆ ಹಿಡಿದು ನಕ್ಕ.

"ನಮ್ ಬ್ಯಾಂಕಲ್ಲಿ ದಿನಾ ಕೇಳ್ತೀನಲ್ಲೇ, ಖಾಲಿ ಐದು ನಿಮಿಷ, ಖಾಲಿ ಒಂದು ಫಾರ್ಮ್ ಅಂತ."

"ಗೊತ್ತಿದ್ರೆ ಹೇಳೋಕೇನಾಗಿತ್ತು?"

"ನೀನು ಕೇಳಿದ್ರೆ ತಾನೆ. ಅದೂ ಅಲ್ದೆ, ಖಾಲಿ ದೋಸೆ ತಿಂದು ಬೆಳೆದೋಳು ನೀನು. ಖಾಲಿ ದೋಸೆ ಅಂದ್ರೆ ಏನು, ಖಾಲಿ ತಟ್ಟೆನಾ?"

ದಾವಣಗೆರೆಯಲ್ಲಿ ಹುಟ್ಟಿದವಳಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಬರೀ ದೋಸೆ. ಅರ್ಥ ನನ್ನ ನಾಲಿಗೆಯ ಮೇಲೇ ಇತ್ತು, ಬೆಣ್ಣೆ ಸಮೇತ.

ಮರುದಿನ ಪುಸ್ತಕವನ್ನು ಮನೆಯಲ್ಲೇ ಬಿಟ್ಟು ಕಾಕಾ ಪಕ್ಕದಲ್ಲಿ ಸ್ಟೂಲ್ ಹಾಕಿ ಕೂತೆ. ರಿಯಾಕ್ಷನ್ನಿನ ಆರು ಗಂಟೆಯನ್ನು ನಾನು ಕಡಿಮೆ ಮಾಡಲಾರೆ. ನೊರೆಯನ್ನೂ ಬಗ್ಗಿಸಲಾರೆ. ಉಳಿದದ್ದು ಆಚೀಚೆಯ ನಾಲ್ಕು ಗಂಟೆ. ಅದರಲ್ಲಿ ಏನಾದರೂ ಉಳಿಯುತ್ತದಾ ಎಂದು ಕೇಳಿದೆ. ಈ ಸಲ ಪ್ರತಿ ಉತ್ತರವನ್ನೂ ಎರಡು ಸಲ ಹೇಳಿಸಿಕೊಂಡೆ, ಬೆರಳಲ್ಲಿ ತೋರಿಸಿ ಎಂದೆ. ಕಾಕಾಗೆ ಅದೊಂದು ಆಟವಾಯಿತು.

"ತಣ್ಣೀರು ತುಂಬಿ ಒಂದು ಗಂಟೆ ಕಾಯಿಸ್ತೀವಿ. ಮೇಲಿನ ಟ್ಯಾಂಕಲ್ಲೇ ಕಾಯಿಸಿಟ್ರೆ ಬಿಸಿನೀರೇ ಇಳಿಯುತ್ತೆ."

"ಮತ್ತೆ ಇಷ್ಟು ದಿನ ಯಾಕೆ ಮಾಡ್ಲಿಲ್ಲ?"

"ಯಾರು ಕೇಳಿದ್ರು, ಬೆನ್?"

"ತೊಳೆಯೋದು?"

"ಅದೇ ಮಾಲು ಹೋಗಿ ಅದೇ ಮಾಲು ಬರುತ್ತೆ. ಪಾತ್ರೇಲಿ ಚಹಾ ಮುಗಿದ ತಕ್ಷಣ ಇನ್ನೊಂದ್ಸಲ ಚಹಾ ಇಡೋಕೆ ನೀವು ಸೋಪು ಹಾಕಿ ತೊಳೀತೀರಾ? ವಾರಕ್ಕೊಂದು ಸಲ, ರಜೆ ದಿನ ತೊಳೆದ್ರೆ ಸಾಕು."

ಎರಡು ಗಂಟೆ ಉಳಿಯಿತು. ಹತ್ತು ಎಂಟಾಯಿತು. ಎಂಟು ಗಂಟೆಗೊಂದು ಬ್ಯಾಚ್, ಶಿಫ್ಟಿಗೊಂದು, ದಿನಕ್ಕೆ ಮೂರು. ಬರೀ ಎರಡು ಸಾವಿರ ಲೀಟರ್, ಮೂರು ಸಲ, ಎರಡು ರಿಯಾಕ್ಟರ್. ಮತ್ತೆ ಅದೇ ಹನ್ನೆರಡು ಸಾವಿರ. ಗೋಡೆ ಉಳಿಯಿತು.

ಸೋಮವಾರ ರಿಪೋರ್ಟ್ ಕೊಟ್ಟೆ. ಒಂದು ನಿಮಿಷವೂ ಮಿಗುವುದಿಲ್ಲ, ಒಂದು ಬ್ಯಾಚ್ ತಡವಾದರೆ ದಿನದ ಲೆಕ್ಕ ತಪ್ಪುತ್ತದೆ ಎಂದೂ ಬರೆದೆ. ಉಪಾಯ ಕಾಕಾ ಅವರದು ಎಂದು ಮೊದಲ ಸಾಲಿನಲ್ಲೇ ಬರೆದೆ. ಅದು ದೊಡ್ಡತನವಲ್ಲ, ನಡೆದದ್ದೇ ಹಾಗೆ. ಹೊಸ ಕ್ರಮದ ಮೊದಲ ಬ್ಯಾಚ್ ಒಂಬತ್ತು ಗಂಟೆ ತಿಂದಿತು, ಟ್ಯಾಂಕಿನ ನೀರು ಸರಿಯಾಗಿ ಕಾದಿರಲಿಲ್ಲ. ಎರಡನೆಯದು ಎಂಟೂಕಾಲು. ವಾರದ ಕೊನೆಗೆ ಎಂಟಕ್ಕೆ ಬಂದು ನಿಂತಿತು.

ಆರು ತಿಂಗಳು ಮುಗಿದ ದಿನ ಸಾಹೇಬರು ಕರೆದರು. ಕಾಕಾ ಕೂಡ ರಜೆ ಚೀಟಿ ಹಿಡಿದು ಅಲ್ಲೇ ನಿಂತಿದ್ದರು. ಸಾಹೇಬರು ನನ್ನ ಮುಂದೆ ಒಂದು ಹಾಳೆ ತಳ್ಳಿ ಹೇಳಿದರು.

"ಖಾಲಿ ಸಹಿ ಕರೋ, ಬೆನ್."

ನಾನು ಪೆನ್ನು ಕೆಳಗಿಟ್ಟೆ. "ಯಾವ ಖಾಲಿ, ಸಾಹೇಬ್?"

ಸಾಹೇಬರು ತಕ್ಷಣಕ್ಕೆ ಹೊಳೆಯದೆ ಕಾಕಾ ಮುಖ ನೋಡಿದರು. ಕಾಕಾ ನಗು ತಡೆದುಕೊಂಡು, "ಫಕ್ತ್, ಬೆನ್, ಫಕ್ತ್. ಹಾಳೆ ತುಂಬಾ ಅಕ್ಷರ ಇದೆ, ಓದಿ ಹಾಕಿ," ಎಂದರು.

ಓದಿದೆ. ಕೆಲಸ ಕಾಯಂ ಆಗಿತ್ತು. ಸಹಿ ಹಾಕಿದೆ, ಬರೀ ಸಹಿ.

ಈಗ ನಿಮ್ಮ ಸರದಿ. ಗೊತ್ತಿದೆ ಅಂದುಕೊಂಡ ಯಾವ ಪದ, ಯಾವ ಊರಿನಲ್ಲಿ ನಿಮ್ಮನ್ನು ಹೀಗೆ ಬೀಳಿಸಿತು? ಕೆಳಗೆ ಬರೆಯಿರಿ, ನಾಚಿಕೆ ಬೇಡ. ನಾನು ಹಂಡೆ ಉಕ್ಕಿಸಲು ಹೊರಟವಳು, ನಿಮ್ಮದನ್ನು ನೋಡಿ ನಗುವ ಯೋಗ್ಯತೆ ನನಗಿಲ್ಲ. ಆದರೂ ನಗುತ್ತೇನೆ.