ಕಲ್ಯಾಣಿಯ ಕೊನೆಯ ಮೆಟ್ಟಿಲು

ನೀರು ಖಾಲಿ ಮಾಡಿದ ಕಲ್ಯಾಣಿಯ ವಾಸನೆ ನಿಮಗೆ ಗೊತ್ತೋ ಇಲ್ಲವೋ. ಕೊಳೆತ ಪಾಚಿ, ಹಳೆಯ ಹೂವು, ಕಪ್ಪು ಕೆಸರು ಎಲ್ಲ ಸೇರಿದ ವಾಸನೆ ಅದು. ಕಳೆದ ಭಾನುವಾರ ಅಟ್ಟೂರಿನಿಂದ ಚಿಕ್ಕಜಾಲಕ್ಕೆ ನಾಮಕರಣದ ಊಟಕ್ಕೆ ಹೋದವಳಿಗೆ ಅದು ಮೂಗಿಗೆ ಬಡಿಯಿತು. ಹಳೆಯ ದೇವಸ್ಥಾನದ ಕಲ್ಯಾಣಿಯ ಹೂಳು ತೆಗೆಯುತ್ತಿದ್ದಾರೆ ಎಂದರು. ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ನೋಡಲು ಹೊರಟೆ.

ನನಗೆ ಒಂಬತ್ತು ವರ್ಷವಿದ್ದಾಗ ನಾವು ಅಲ್ಲೇ ಹತ್ತಿರದಲ್ಲಿದ್ದೆವು. ಕಲ್ಯಾಣಿಯ ಕಡೆ ಸುಳಿಯಕೂಡದೆಂದು ಅಮ್ಮನ ಕಟ್ಟಪ್ಪಣೆ. ಆದ್ದರಿಂದಲೇ ದಿನಾ ಹೋಗುತ್ತಿದ್ದೆ. ಪಕ್ಕದ ಮನೆಯ ಮುನಿಯಕ್ಕ ಯಲಹಂಕಕ್ಕೆ ಮಾರಲು ಒಯ್ಯುವ ದಂಟಿನ ಸೊಪ್ಪನ್ನು ಮೆಟ್ಟಿಲ ಮೇಲೆ ಕೂತು ತೊಳೆಯುತ್ತಿದ್ದಳು. ನಾನು ಎದುರು ಬದಿಯಲ್ಲಿ ಕದ್ದು ಕೂತು ನೀರಿನಲ್ಲಿ ಕಾಲಾಡಿಸುತ್ತಿದ್ದೆ. ಒಂದು ದಿನ ಪಾಚಿಯ ಮೇಲೆ ಜಾರಿದೆ. ಮೂಗು ಬಾಯಿಗೆ ನೀರು ನುಗ್ಗಿದ್ದು, ಯಾರೋ ಜಡೆ ಹಿಡಿದು ಎಳೆದದ್ದು ಮಾತ್ರ ನೆನಪು. ಕಣ್ಣು ಬಿಟ್ಟರೆ ಪಕ್ಕದಲ್ಲಿ ಮುನಿಯಕ್ಕ ಕೆಮ್ಮುತ್ತಾ ಕೂತಿದ್ದಳು.

ಒದ್ದೆ ಬಟ್ಟೆಯಲ್ಲಿ ಮನೆ ಸೇರಿದಾಗ ಅಮ್ಮ ಕೋಲು ಹಿಡಿದಳು. ಹೆದರಿ, "ಸೊಪ್ಪು ತೊಳೆಯೋಕೆ ಮುನಿಯಕ್ಕಾನೇ ಕರೆದ್ಲು" ಅಂದುಬಿಟ್ಟೆ. ಅಮ್ಮ ಬೀದಿಯಲ್ಲಿ ನಿಂತು ಅವಳನ್ನು ಬಾಯಿಗೆ ಬಂದಂತೆ ಬೈದಳು. ಮುನಿಯಕ್ಕ ನನ್ನತ್ತ ಒಮ್ಮೆ ನೋಡಿ, ಸುಮ್ಮನೆ ಬಾಗಿಲು ಹಾಕಿಕೊಂಡಳು. ಅಲ್ಲಿಗೆ ಎರಡೂ ಮನೆಗಳ ಮಾತು ನಿಂತಿತು. ನಾನು ಮಾತ್ರ ಮುಂದೆ ನನ್ನ ಮಕ್ಕಳಿಗೆ, ಮುನಿಯಕ್ಕ ಮೀನಿನ ಹಾಗೆ ಈಜಿ ಬಂದ ಕಥೆಯನ್ನು ಕೈ ಬೀಸಿ ಬೀಸಿ ಹೇಳಿದೆ. ಸುಳ್ಳಿನ ಭಾಗವನ್ನು ಜಾಣತನದಿಂದ ಬಿಟ್ಟೆ.

ಭಾನುವಾರ ಕಲ್ಯಾಣಿಯ ದಡದಲ್ಲಿ ಬೆನ್ನು ಬಾಗಿದ ಮುದುಕಿಯೊಬ್ಬಳು ನಿಂತಿದ್ದಳು. "ಸಾವಿತ್ರಕ್ಕನ ಮಗಳಲ್ವಾ? ಎಷ್ಟ್ ದಪ್ಪ ಆಗಿದ್ದೀಯೇ!" ಎಂದಳು. ಮುನಿಯಕ್ಕ!

ಮಾತಾಡುತ್ತಾ ಕೆಳಗೆ ನೋಡಿದೆ. ನಾನು ಜಾರಿದ ಕಡೆ ಮೆಟ್ಟಿಲುಗಳು ಅರ್ಧದಲ್ಲೇ ಥಟ್ಟನೆ ಮುಗಿದುಹೋಗಿದ್ದವು. ಅಲ್ಲಿಂದ ಕೆಳಗೆ ಬಾವಿಯಂಥ ನೇರ ಗೋಡೆ. ಕೆಲಸದವರು ಏಣಿ ಹಾಕಿ ಇಳಿಯುತ್ತಿದ್ದರು.

"ಇಷ್ಟು ಆಳದಲ್ಲಿ ಈಜಿದ್ಯಾ ನೀನು?"

"ಈಜೋದಾ? ನಂಗೆಲ್ ಈಜು ಬರ್ತದೆ?" ಮುನಿಯಕ್ಕ ನಕ್ಕಳು. "ಓಡ್ಬಂದು ಮೆಟ್ಲು ಇಳ್ದೆ. ನೀರು ಮೂಗಿಗೆ ಬಂತು. ಇನ್ನೊಂದು ಮೆಟ್ಲು ಐತೆ ಅನ್ಕಂಡು ಕಾಲಿಟ್ಟೆ, ಇರ್ಲೇ ಇಲ್ಲ. ಒಂದ್ ಕೈಲಿ ಕಲ್ಲು ಇಡ್ಕಂಡಿದ್ದೆ. ಇನ್ನೊಂದ್ ಕೈಗೆ ನಿನ್ ಜಡೆ ಸಿಕ್ತು."

ಆಗ ಅವಳಿಗೆ ಇನ್ನೂ ಮೊಲೆ ಬಿಡದ ಮಗುವಿತ್ತು. ರೇಷ್ಮೆ ಸೀರೆಯಲ್ಲೇ ಕೆಸರು ಮೆತ್ತಿದ ಕಲ್ಲಿನ ಮೇಲೆ ಕುಸಿದು ಕೂತೆ.

"ಮತ್ಯಾಕೆ ಇಳಿದೆ ಮುನಿಯಕ್ಕ?"

"ಇನ್ಯಾರಿದ್ರು ಅಲ್ಲಿ?"

"ಅಮ್ಮ ಬೈದಾಗಾದ್ರೂ ನಿಜ ಹೇಳ್ಬಾರದಿತ್ತಾ?"

"ಗಡಗಡ ನಡುಗ್ತಾ ನಿಂತಿದ್ದೆ ನೀನು. ನಿಜ ಏಳಿದ್ರೆ ನಿಮ್ಮಮ್ಮ ಬುಡ್ತಿದ್ಲಾ?"

ಅಲ್ಲಿಂದಲೇ ಮನೆಯಲ್ಲಿದ್ದ ಅಮ್ಮನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಕರೆದದ್ದು ಸುಳ್ಳು ಎಂದೆ; ಈಜು ಬಾರದವಳು ಇಳಿದಿದ್ದಳು ಎಂದೆ.

"ಅವಳು ಅಲ್ಲೇ ಇದ್ದಾಳಾ?" ಅಮ್ಮನ ದನಿ ಒಡೆದಿತ್ತು. "ಫೋನ್ ಕೊಡು ಅವಳಿಗೆ."

ಮುನಿಯಕ್ಕ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೊತ್ತಿಕೊಂಡಳು. "ಏನ್ ಸಾವಿತ್ರಕ್ಕ, ಎಂಗಿದ್ದೀಯಾ?" ಎಂದಳು. ಆಮೇಲೆ, "ಅಯ್ಯೋ, ಅಳ್ಬೇಡ ಸುಮ್ಕಿರು" ಎಂದು ಸಮಾಧಾನ ಮಾಡತೊಡಗಿದಳು.