ಡಬ್ಬಿಗೆ ನಾಲ್ಕು ಚಮಚ ರಾಳ

ದಾಂಡೇಲಿಯಲ್ಲಿ ಪ್ರವಾಸಿಗರನ್ನು ಕಾಳಿ ನದಿಗಿಳಿಸುವ, ಗಾಳಿ ತುಂಬಿದ ರಬ್ಬರ್ ರಾಫ್ಟುಗಳಿಗೆ ತೇಪೆ ಹಚ್ಚುವುದು ನನ್ನ ಕೆಲಸ. ಇಂದೂರಿನಿಂದ ನನ್ನಕ್ಕನ ಬಳಿಗೆ ಬಂದ ಎರಡು ವರ್ಷದಲ್ಲಿ ನಾನು ಪೂರ್ತಿ ಕಲಿತದ್ದು ಮೇಸ್ತ್ರಿಯ ದನಿ ಮತ್ತು ಕೆಮ್ಮನ್ನು ಅಣಕಿಸಿ ವಾಕಿಟಾಕಿಯಲ್ಲಿ ಅವಳನ್ನು ಹೆದರಿಸುವುದು. ಅಂಟಿನ ಕೆಲಸ ಅರ್ಧಕ್ಕೇ ನಿಂತಿತ್ತು.

ತೇಪೆ ಬೇಗ ಕಚ್ಚಲೆಂದು ರಬ್ಬರ್ ಸೊಲ್ಯೂಷನ್ನಿಗೆ ಮೇಸ್ತ್ರಿ ರಾಳದ ಪುಡಿ ಬೆರೆಸುತ್ತಿದ್ದರು. ಡಬ್ಬಿಗೆ ಒಂದೇ ಚಮಚ. ಪರೀಕ್ಷೆಗೆಂದು ಅದೇ ಅಂಟಿನಿಂದ ರಬ್ಬರಿನ ಚೂರೊಂದನ್ನು ಹಲಗೆಗೆ ಹಚ್ಚಿ, ಅದಕ್ಕೆ ಕಲ್ಲು ತೂಗಿಬಿಟ್ಟು ನೋಡುತ್ತಿದ್ದರು; ಚೂರು ಒಂದು ತಾಸು ಬಿಸಿಲಿನಲ್ಲಿ ತಡೆದರೆ ಮಾತ್ರ ರಾಫ್ಟು ನೀರಿಗೆ.

ಆ ಬೆಳಗ್ಗೆ ತೇವಕ್ಕೆ ತೇಪೆ ಹಿಡಿಯಲೇ ಇಲ್ಲ. ಮೇಸ್ತ್ರಿ ಅಂಬೇವಾಡಿಯಿಂದ ಇನ್ನೂ ಬಂದಿರಲಿಲ್ಲ. ನಾಲ್ಕು ಚಮಚ ಸುರಿದೆ. ಆಹಾ, ಬೆರಳಿಟ್ಟರೆ ಬೆರಳನ್ನೇ ಬಿಡದ ಅಂಟು! ಕಲ್ಲನ್ನೇನೋ ತೂಗಿಬಿಟ್ಟೆ, ಕಾಯಲಿಲ್ಲ. ಆರು ಜನರನ್ನು ಕೂರಿಸಿಕೊಂಡು ಅಕ್ಕ ಹೊರಟಳು. ಅವಳೇ ಆ ರಾಫ್ಟಿನ ಗೈಡ್.

ಮೇಸ್ತ್ರಿ ಬಂದವರೇ ಹಲಗೆ ನೋಡಿದರು. ಚೂರು ಎರಡು ಬೆರಳು ಕೆಳಗೆ ಜಾರಿ, ಅಂಟಿನ ಎಳೆಗಳಲ್ಲಿ ನೇತಾಡುತ್ತಿತ್ತು.

"ಎಷ್ಟ ಹಾಕಿದಿಲೇ?"

"ನಾಕು."

"ಅಂಟೂದು ಬ್ಯಾರೆ, ತಡಿಯೂದು ಬ್ಯಾರೆ. ರಾಳ ಹೆಚ್ಚಾತಂದ್ರ ರಬ್ಬರಿನ ಬಲಾನ ಹೋಗ್ತೈತಿ. ಬಿಸಲಿಗೆ ಬೆಲ್ಲದ ಪಾಕ ಆಗ್ತೈತಿ. ರಾಫ್ಟ್ ಎಲ್ಲೈತಿ?"

ಹೊರಟ ಹೊತ್ತು ಲೆಕ್ಕ ಹಾಕಿದರೆ ಅಕ್ಕನಿಗೆ ಮೊದಲ ಸುಳಿಗೆ ಇನ್ನೊಂದೇ ತಿರುವು. ವಾಕಿಟಾಕಿ ಕಿತ್ತುಕೊಂಡೆ. "ಅಕ್ಕಾ, ದಂಡಿಗೆ ತಗೋ! ತೇಪಿ ಬಿಡಾಕತ್ತೈತಿ!"

"ನಿನ್ನೆ ಮೊಸಳಿ ಬಂತಂದಿ, ಇವತ್ತ ತೇಪಿ ಏನ?" ಅಕ್ಕನ ದನಿಯ ಹಿಂದೆ ಪ್ರವಾಸಿಗರ ನಗು. ಅದರ ಹಿಂದೆ ನೀರಿನ ಮೊರೆತ.

ಮೇಸ್ತ್ರಿ ವಾಕಿಟಾಕಿ ಕಸಿದುಕೊಂಡರು. "ಏ ಹುಡುಗಿ, ನಿಂದ್ರಸು!" ಎಂದು ಕೂಗಿ, ಉಸಿರು ಸಿಕ್ಕಿ ಕೆಮ್ಮಿದರು.

"ಅಯ್ಯ ಮಂಗ್ಯಾ, ಕೆಮ್ಮೂ ಸೇರಿಸಿದಿ! ಭಾಳ ಛಲೋ ಬಂತ್ ನೋಡು!"

ಮೇಸ್ತ್ರಿ ನನ್ನನ್ನು ದುರುಗುಟ್ಟಿ ನೋಡಿ ವಾಕಿಟಾಕಿಯನ್ನು ನನ್ನ ಕೈಗೇ ತುರುಕಿದರು. ಮೊರೆತ ಏರುತ್ತಿತ್ತು. ಕೂಗಿದಷ್ಟೂ ಅವಳಿಗೆ ಅದು ಆಟವೇ.

"ಅಕ್ಕಾ, ನಂಬಬ್ಯಾಡ," ಎಂದೆ. "ಬಲಗಡೆ ತೇಪಿಗೆ ಕೈ ಹಚ್ಚಿ ನೋಡು. ಅಷ್ಟ ಮಾಡು."

ನಗು ನಿಂತಿತು. ಆಮೇಲೆ ಅವಳ ಕಿರುಚಾಟ: "ಎಡಕ್ಕ! ಎಲ್ಲಾರೂ ಜೋರ ಹುಟ್ಟ ಹಾಕ್ರಿ!" ವಾಕಿಟಾಕಿ ಸತ್ತಿತು.

ದಂಡೆಗುಂಟ ಓಡಿದೆವು. ಸುಳಿಗೆ ಹತ್ತು ಮಾರು ಮೊದಲು, ಮರದ ಬೇರಿಗೆ ಸಿಕ್ಕಿಕೊಂಡಿತ್ತು ರಾಫ್ಟು. ಬಲಮಗ್ಗುಲು ಗಾಳಿ ಹೋಗಿ ಮಡಚಿಕೊಂಡಿತ್ತು. ಆರೂ ಜನ ಬಂಡೆಯ ಮೇಲಿದ್ದರು. ಎಣಿಸಿದೆ, ಮತ್ತೆ ಎಣಿಸಿದೆ. ಅಕ್ಕ ಎರಡೇ ಬೆರಳಿನಲ್ಲಿ ತೇಪೆ ಹಿಡಿದು ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದಳು.

"ಏನಾಯ್ತು?" ಎಂದು ಒಬ್ಬರು ಕೇಳಿದರು.

ಅವಳು ನನ್ನತ್ತ ತಿರುಗಿದಳು. "ನೀನ ಹೇಳು ಇವರಿಗೆ."

ಹೇಳಿದೆ. ರಾಳ, ಚಮಚ, ಕಾಯದೆ ಬಿಟ್ಟದ್ದು, ಎಲ್ಲ. ಆರು ಜನರೂ ಲೈಫ್ ಜಾಕೆಟ್ ಬಿಚ್ಚದೆಯೇ ಕೇಳಿಸಿಕೊಂಡರು.