ನಾನು ಪೂಜೆಗೆ ಕೂತಿದ್ದೇನೆ, ಕರೆಯಬೇಡಿ

ಮೊನ್ನೆ ಸೋಮವಾರ ಬೆಳಿಗ್ಗೆ, ಮನೆಗೆ ಬಂದ ಹಿರಿಯರ ಎದುರಿಗೇ ನನ್ನ ಎತ್ತನ್ನು ಹಿಚುಕಿ ಹಾಕಿದೆ. (ಗಾಬರಿಯಾಗಬೇಡಿ, ಮಣ್ಣಿನ ಎತ್ತು.)

ಸವಣೂರಿನ ನಮ್ಮ ಮನೆಯ ಹಿತ್ತಲಲ್ಲಿ ದಿನಾ ಬೆಳಿಗ್ಗೆ ಆರರಿಂದ ಏಳರವರೆಗೆ ನಾನು ಎತ್ತು ಮಾಡುತ್ತೇನೆ. ಡುಬ್ಬ ತಿದ್ದುತ್ತೇನೆ, ಕೋಡು ನಿಲ್ಲಿಸುತ್ತೇನೆ. ಏಳಕ್ಕೆ ಅದನ್ನು ಮತ್ತೆ ಮುದ್ದೆ ಮಾಡಿ ಬಕೆಟ್ಟಿಗೆ ಹಾಕಿ, ಒದ್ದೆ ಬಟ್ಟೆ ಮುಚ್ಚುತ್ತೇನೆ. ಮಾರುವುದಿಲ್ಲ. ಸ್ಟೇಟಸ್ಸಿಗೆ ಫೋಟೋ ಹಾಕುವುದಿಲ್ಲ. ಆ ಒಂದು ತಾಸು ನನಗೆ ಯಾರ ಮೇಲೂ ಸಿಟ್ಟಿರುವುದಿಲ್ಲ. ಅದಕ್ಕಿಂತ ದೊಡ್ಡ ಧ್ಯಾನ ನನಗಂತೂ ಗೊತ್ತಿಲ್ಲ.

ಅದೇ ಹೊತ್ತಿಗೆ ನಮ್ಮ ಅತ್ತೆ ಒಳಗೆ ಲಿಂಗಪೂಜೆಗೆ ಕೂತಿರುತ್ತಾರೆ. ಹಾಲು ಉಕ್ಕಿ ಹೋದರೂ ಅವರನ್ನು ಯಾರೂ ಕರೆಯುವುದಿಲ್ಲ. ನನ್ನನ್ನು? ಉಪ್ಪಿನ ಡಬ್ಬಿಗೂ ಕರೆಯುತ್ತಾರೆ, ಚಾರ್ಜರಿಗೂ ಕರೆಯುತ್ತಾರೆ.

ಸೋಮವಾರ ದುಂಡಸಿಯಿಂದ ಮೊದಲ ಬಸ್ಸಿಗೇ ನನ್ನ ಗಂಡನ ಕಾಕಾ ಬಂದರು. ಒಳಗಿನಿಂದ ಗಂಡನ ಕೂಗು: "ಏ, ಕಾಕಾ ಬಂದಾರ, ಚಾ ಇಡು!"

ನಾನು ಏಳಲಿಲ್ಲ. "ಪೂಜಿಗೆ ಕುಂತೇನ್ರಿ, ನೀವ ಇಡ್ರಿ" ಎಂದೆ.

ಕಾಕಾ ಹಿತ್ತಲಿಗೇ ಬಂದರು. ಲಿಂಗಪೂಜೆ ಮುಗಿಸಿದ ಅತ್ತೆ ಹಿಂದೆಯೇ ಬಂದರು. "ಮಣ್ಣ ಕಲಸೂದು ಎಂಥಾ ಪೂಜಿವಾ?" ಎಂದು ಅತ್ತೆ ಕೇಳಿದರು.

"ಮಣ್ಣೆತ್ತಿನ ಅಮಾಸಿಗೆ ನಾ ಮಾಡಿದ ಎತ್ತಿಗೇ ಕಾಯಿ ಒಡಸ್ತೀರಲ್ರಿ ಅತ್ತಿ? ಅವತ್ತೊಂದ ದಿನಾ ಅಷ್ಟ ಅದು ದೇವರೇನು?"

ಅತ್ತೆ ಮುಖ ಊದಿಸಿಕೊಂಡು ಒಳಗೆ ಹೋದರು. ಕಾಕಾ ಬಗ್ಗಿ ನೋಡಿ, "ಭಾಳ ಚಂದ ಆಗೇತಿ. ಒಣಗಿಸಿ ಕೊಡವಾ, ಶೋಕೇಸಿನ್ಯಾಗ ಇಡ್ತೇನಿ" ಎಂದರು.

ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ? ಅವತ್ತಿನ ಎತ್ತು ನಿಜಕ್ಕೂ ಚಂದ ಬಂದಿತ್ತು. ಆದರೆ ಕೊಟ್ಟರೆ, ನಾಳೆಯಿಂದ ನಾನು ಕಾಕಾನ ಶೋಕೇಸಿಗಾಗಿ ಎತ್ತು ಮಾಡುತ್ತಿರುತ್ತೇನೆ. ಎರಡೂ ಅಂಗೈ ನಡುವೆ ಇಟ್ಟು ಒತ್ತಿದೆ.

"ಅಯ್ಯಯ್ಯ, ಯಾಕ ಕೆಡಿಸಿದಿ?"

"ಪೂಜಿ ಮುಗೀತ್ರಿ ಕಾಕಾ."

ಗಂಡ ಮಾಡಿದ ಚಹಾ ಕುಡಿದು (ಸಕ್ಕರೆ ಹಾಕುವುದನ್ನೇ ಮರೆತಿದ್ದರು) ಕಾಕಾ ಹೊರಟರು. ಹೋಗುವಾಗ ಬಾಗಿಲಲ್ಲಿ ನಿಂತು, "ದಿನಾ ಒಂದ ತಾಸು ದಂಡ ಮಾಡ್ತಿ. ಇದರಿಂದ ಏನ್ ಬಂತವಾ ನಿನಗ?" ಎಂದು ಕೇಳಿಯೇ ಹೋದರು.

ಅತ್ತೆಯ ಮುನಿಸು ಇನ್ನೂ ಇಳಿದಿಲ್ಲ. ಇರಲಿ, ನಾಳೆ ಆರಕ್ಕೂ ನಾನು ಹಿತ್ತಲಲ್ಲೇ ಕೂರುವವಳು.

ಲಿಂಗಪೂಜೆ ಮುಗಿಸಿ ಎದ್ದ ಅತ್ತೆಗೆ ಕಾಕಾ ಆ ಪ್ರಶ್ನೆ ಯಾಕೆ ಕೇಳಲಿಲ್ಲ?